ಕೆಂಪು–ಹಸಿರು ಲಾಗ್ ಕ್ಯಾಬಿನ್: ವಿನ್ಯಾಸ ಕಾಣದೆ ಹೋದ ಒಂದು ಕ್ವಿಲ್ಟಿನ ಪ್ರಕರಣ ಅಧ್ಯಯನ

60 × 60 ಇಂಚಿನ ಲಾಗ್ ಕ್ಯಾಬಿನ್ ಕ್ವಿಲ್ಟ್, ಅಂದರೆ ಬಟ್ಟೆಯ ತುಂಡುಗಳನ್ನು ಜೋಡಿಸಿ ಹೊಲಿದ ಹಾಸು; ಅದರ ಪ್ರತಿ ಬ್ಲಾಕಿನಲ್ಲಿ (ಚೌಕ ಘಟಕದಲ್ಲಿ) ನಡುವಿನ ಚೌಕದ ಸುತ್ತ ಪಟ್ಟಿಗಳು ಬರುತ್ತವೆ, ಒಂದು ಬದಿ ತಿಳಿ, ಇನ್ನೊಂದು ಬದಿ ಗಾಢ. ಅಡ್ಡಕ್ಕೆ 6, ಉದ್ದಕ್ಕೆ 6, ಒಟ್ಟು 36 ಬ್ಲಾಕ್. ಬಾರ್ನ್ ರೈಸಿಂಗ್ ಜೋಡಣೆ, ಅಂದರೆ ಕ್ವಿಲ್ಟಿನ ನಡುವಿನಿಂದ ಒಂದರ ಹೊರಗೆ ಇನ್ನೊಂದರಂತೆ ವಜ್ರಾಕೃತಿಗಳು ಹರಡುತ್ತ ಹೋಗಬೇಕು. ತಿಳಿ ಬದಿಗೆಂದು ಕೆಂಪು ಬಳಗದ 8 ಬಟ್ಟೆ, ಗಾಢ ಬದಿಗೆಂದು ಹಸಿರು ಬಳಗದ 8 ಬಟ್ಟೆ ಆರಿಸಲಾಗಿತ್ತು. ಆರಿಸಿದ ಮೇಲೆ, ತಿಳಿ-ಗಾಢ ನೋಡಲು ಬಳಸುವ ಕೆಂಪು ಫಿಲ್ಮಿನ (ಪಾರದರ್ಶಕ ಕೆಂಪು ಹಾಳೆಯ) ಮೂಲಕ ನೋಡಿ ಪರೀಕ್ಷೆಯನ್ನೂ ಮಾಡಲಾಗಿತ್ತು. ಫಿಲ್ಮಿನಲ್ಲಿ ಎರಡು ಗುಂಪುಗಳೂ ಸ್ಪಷ್ಟವಾಗಿ ಬೇರೆಬೇರೆಯಾಗಿ ಕಂಡವು. ಆದರೆ 16 ಬ್ಲಾಕ್ ಹೊಲಿದು ಗೋಡೆಗೆ ಸಿಕ್ಕಿಸಿ ಮೂರು ಮೀಟರ್ ದೂರದಿಂದ ನೋಡಿದಾಗ ವಜ್ರ ಕಾಣಲಿಲ್ಲ. ಹತ್ತಿರದಿಂದ ಬಣ್ಣಗಳು ಮಿಂಚುತ್ತಿದ್ದವು. ದೂರದಿಂದ ಇಡೀ ಹಾಸು ಒಂದೇ ಸಮನೆ ಕಲಸಿದಂತಿತ್ತು.

ಈ ಪ್ರಕರಣವನ್ನು ವಿವರವಾಗಿ ಬಿಡಿಸಲು ಕಾರಣವಿದೆ. ಬಣ್ಣ ಆರಿಸುವಾಗ ತಿಳಿ-ಗಾಢ ನೋಡಬೇಕು ಎಂಬುದು ಕ್ವಿಲ್ಟ್ ಹೊಲಿಯುವ ಎಲ್ಲರಿಗೂ ಗೊತ್ತು. ಇಲ್ಲಿ ಅದನ್ನು ನೋಡಲಾಗಿತ್ತು. ನೋಡಿದ ಉಪಕರಣ ಈ ಬಣ್ಣಗಳಿಗೆ ಹೊಂದುವಂಥದ್ದಾಗಿರಲಿಲ್ಲ.

ಬ್ಲಾಕಿನ ಲೆಕ್ಕ

ಹೊಲಿದು ಮುಗಿದ ಬ್ಲಾಕ್ 10 ಇಂಚು. ನಡುವಿನ ಹಳದಿ ಚೌಕ 2 ಇಂಚು, ಸುತ್ತಲೂ ಹೊಲಿಗೆಗೆ ಕಾಲಿಂಚು ಬಿಡಬೇಕಾದ್ದರಿಂದ ಕತ್ತರಿಸುವಾಗ ಎರಡೂವರೆ. ಅದರ ಸುತ್ತ ಒಂದಿಂಚಿನ ಪಟ್ಟಿಗಳು ನಾಲ್ಕು ಸುತ್ತು. ಕತ್ತರಿಸುವ ಅಗಲ ಒಂದೂವರೆ ಇಂಚು. ಪ್ರತಿ ಸುತ್ತಿನಲ್ಲಿ ಮೊದಲು ಎರಡು ತಿಳಿ ಪಟ್ಟಿ, ಆಮೇಲೆ ಎರಡು ಗಾಢ ಪಟ್ಟಿ. ಒಂದು ಬ್ಲಾಕಿಗೆ 16 ಪಟ್ಟಿ, 16 ಹೊಲಿಗೆ.

ತಿಳಿ ಪಟ್ಟಿಗಳು ಮೊದಲು ಬರುವುದರಿಂದ ಅವು ಯಾವಾಗಲೂ ಒಂದಿಷ್ಟು ಗಿಡ್ಡ. ಬ್ಲಾಕಿನ 100 ಚದರ ಇಂಚಿನಲ್ಲಿ ತಿಳಿ ಬದಿಗೆ ಸಿಗುವುದು 44, ಗಾಢ ಬದಿಗೆ 52, ಮಿಕ್ಕ 4 ನಡುವಿನ ಚೌಕಕ್ಕೆ. ಕ್ರಮ ತಿರುಗಿಸಿದರೆ ಈ ಲೆಕ್ಕವೂ ತಿರುಗುತ್ತದೆ. ತಿಳಿ ಬದಿ ಹೊಳೆಯಬೇಕೆಂದರೆ ಅದು ಕಡಿಮೆ ಜಾಗದಲ್ಲೇ ಆ ಕೆಲಸ ಮಾಡಬೇಕು. ತಿಳಿ ಬಟ್ಟೆಗಳನ್ನು ಒಂದು ಹೆಜ್ಜೆ ಇನ್ನೂ ತಿಳಿಯಾಗಿ ಆರಿಸುವುದು ಅದಕ್ಕೇ.

ಬಾರ್ನ್ ರೈಸಿಂಗ್ ಜೋಡಣೆಯಲ್ಲಿ ಪಕ್ಕಪಕ್ಕದ ಬ್ಲಾಕ್‌ಗಳ ಗಾಢ ಅಂಚು ಗಾಢಕ್ಕೆ, ತಿಳಿ ಅಂಚು ತಿಳಿಗೆ ತಾಗುತ್ತದೆ. ಹಾಗಾಗಿ ವಜ್ರದ ಗೆರೆ ಮೂಡುವುದು ಬ್ಲಾಕಿನ ಅಂಚಿನಲ್ಲಲ್ಲ, ಬ್ಲಾಕಿನೊಳಗಿನ ಕರ್ಣದಲ್ಲಿ. ಪ್ರತಿ ಸುತ್ತಿನ ಎರಡು ಮೂಲೆಗಳಲ್ಲಿ ತಿಳಿಯೂ ಗಾಢವೂ ಸಂಧಿಸುತ್ತವೆ. ನಾಲ್ಕು ಸುತ್ತಿಗೆ 8 ಮೆಟ್ಟಿಲು; ಆ ಮೆಟ್ಟಿಲುಗಳೇ ಗೆರೆ. ಒಂದು ಮೆಟ್ಟಿಲಿನಲ್ಲಿ ಎರಡು ಬಟ್ಟೆ ತಿಳಿ-ಗಾಢದಲ್ಲಿ ಒಂದೇ ಮಟ್ಟದ್ದಾದರೆ ಗೆರೆ ಅಲ್ಲಿ ಕಡಿಯುತ್ತದೆ. ಈ ಕ್ವಿಲ್ಟಿನಲ್ಲಿ ಮುಕ್ಕಾಲು ಪಾಲು ಮೆಟ್ಟಿಲುಗಳ ಗತಿ ಹೀಗೇ ಆಗಿತ್ತು.

ಮಟ್ಟ ಅಳೆದಾಗ ಕಂಡದ್ದು

ಬಣ್ಣ ಯಾವುದೇ ಇರಲಿ, ಅದು ಎಷ್ಟು ತಿಳಿ ಎಷ್ಟು ಗಾಢ ಎಂಬುದನ್ನು ಕ್ವಿಲ್ಟಿಂಗ್‌ನಲ್ಲಿ ವ್ಯಾಲ್ಯೂ ಎನ್ನುತ್ತಾರೆ; ಇಲ್ಲಿ ಮಟ್ಟ ಎನ್ನುವುದು ಅದನ್ನೇ. ಆಲ್ಬರ್ಟ್ ಮನ್ಸೆಲ್ 1905ರಲ್ಲಿ ಮುಂದಿಟ್ಟ ಬಣ್ಣದ ಪದ್ಧತಿಯಲ್ಲಿ ಇದಕ್ಕೆ 0ರಿಂದ 10ರವರೆಗಿನ ಅಳತೆಯಿದೆ: 0 ಶುದ್ಧ ಕಪ್ಪು, 10 ಶುದ್ಧ ಬಿಳಿ. ಇದೇ ಕ್ರಮದ ಬೂದು ಪಟ್ಟಿಯನ್ನು ಬಟ್ಟೆಯ ಪಕ್ಕಕ್ಕಿಟ್ಟು, ಕಣ್ಣು ಕಿರಿದು ಮಾಡಿ, ಬಟ್ಟೆಯ ಅಂಚು ಯಾವ ಬೂದಿನಲ್ಲಿ ಕರಗಿಹೋಗುತ್ತದೋ ಆ ಅಂಕಿಯನ್ನು ಬರೆದುಕೊಳ್ಳಬೇಕು. ಅರ್ಧ ಹೆಜ್ಜೆ ಆಚೀಚೆ ಆದರೆ ಚಿಂತೆಯಿಲ್ಲ.

16 ಬಟ್ಟೆಗಳಿಗೂ ಹೀಗೆ ಅಂಕಿ ಕೊಟ್ಟಾಗ:

ಕೆಂಪು ಬಳಗ: ಕಿತ್ತಳೆ 6, ಹವಳದ ಬಣ್ಣ 6, ದೊಡ್ಡ ಹೂವಿನ ಕೆಂಪು ಪ್ರಿಂಟ್ 6, ಟೊಮೆಟೊ ಕೆಂಪು 5, ಗುಲಾಬಿ 5, ಕಡುಗೆಂಪು 4, ಇಟ್ಟಿಗೆ ಕೆಂಪು 4, ತುಕ್ಕಿನ ಬಣ್ಣ 4.

ಹಸಿರು ಬಳಗ: ಗಿಳಿಹಸಿರು 6, ಬಿಳಿ ಎಲೆಗಳ ಹಸಿರು ಪ್ರಿಂಟ್ 6, ಹುಲ್ಲುಹಸಿರು 5, ಆಲಿವ್ 5, ಸಮುದ್ರಹಸಿರು 5, ನವಿಲುಹಸಿರು 4, ಎಲೆಹಸಿರು 4, ಬಾಟಲಿ ಹಸಿರು 3.

ಕೆಂಪಿನ ಸರಾಸರಿ 5, ಹಸಿರಿನದು 4.75. ನಡುವೆ ಕಾಲು ಹೆಜ್ಜೆ. ಬೂದು ಪಟ್ಟಿಯ ದೃಷ್ಟಿಯಲ್ಲಿ ಇವು ಎರಡು ಗುಂಪೇ ಅಲ್ಲ, ಒಂದೇ ನಡು ಮಟ್ಟದ ರಾಶಿ. ಸ್ಪಷ್ಟ ಗೆರೆ ಬೇಕೆಂದರೆ ನಾವು ಇಟ್ಟುಕೊಳ್ಳುವ ನಿಯಮ ಹೀಗಿದೆ: ಎರಡು ಬದಿಯ ಸರಾಸರಿಗಳ ನಡುವೆ ಕನಿಷ್ಠ 3 ಹೆಜ್ಜೆ, ತಿಳಿ ಬದಿಯ ಅತಿ ಗಾಢ ಬಟ್ಟೆಗೂ ಗಾಢ ಬದಿಯ ಅತಿ ತಿಳಿ ಬಟ್ಟೆಗೂ ಕನಿಷ್ಠ 2 ಹೆಜ್ಜೆ. ಎರಡನೆಯದನ್ನು ಮರೆಯುವವರೇ ಹೆಚ್ಚು. ಸರಾಸರಿ ಸರಿಯಿದ್ದೂ ಒಂದೇ ಒಂದು ದಾರಿತಪ್ಪಿದ ಬಟ್ಟೆ ಗೆರೆಯನ್ನು ಅಲ್ಲಲ್ಲಿ ತೂತು ಮಾಡಬಲ್ಲದು.

ಕೆಂಪು ಫಿಲ್ಮ್ ಏಕೆ ಸುಳ್ಳು ಹೇಳಿತು

ಕೆಂಪು ಫಿಲ್ಮ್ ಕೆಂಪು ಬೆಳಕನ್ನು ಮಾತ್ರ ಒಳಬಿಡುತ್ತದೆ. ಕೆಂಪು, ಕಿತ್ತಳೆ, ಗುಲಾಬಿ ಬಟ್ಟೆಗಳಿಂದ ಚಿಮ್ಮುವುದು ಹೆಚ್ಚಾಗಿ ಆ ಬೆಳಕೇ, ಹಾಗಾಗಿ ಫಿಲ್ಮಿನಲ್ಲಿ ಅವು ಬಿಳಿಚಿಕೊಂಡು ತಿಳಿಯಾಗಿ ಕಾಣುತ್ತವೆ. ಹಸಿರು ಬಟ್ಟೆ ಕೆಂಪು ಬೆಳಕನ್ನು ಹೀರಿಕೊಳ್ಳುತ್ತದೆ, ಆದ್ದರಿಂದ ಕಪ್ಪಾಗುತ್ತದೆ. ಮಟ್ಟ 4ರ ತುಕ್ಕಿನ ಬಣ್ಣವೂ ಮಟ್ಟ 6ರ ಕಿತ್ತಳೆಯೂ ಫಿಲ್ಮಿನಡಿ ಹೆಚ್ಚುಕಡಿಮೆ ಒಂದೇ ಆಗಿ ಕಂಡಿದ್ದವು. ಮಟ್ಟ 6ರ ಗಿಳಿಹಸಿರು ಗಾಢವಾಗಿ ಕಂಡಿತ್ತು. ಅಂದರೆ ಫಿಲ್ಮ್ ತೋರಿಸಿದ್ದು ಕೆಂಪು ಯಾವುದು ಹಸಿರು ಯಾವುದು ಎಂಬುದನ್ನು ಮಾತ್ರ. ಅದು ಬರಿಗಣ್ಣಿಗೇ ಗೊತ್ತಿತ್ತು.

ನೀಲಿ, ನೇರಳೆ, ಹಸಿರುಗಳೊಳಗೆ ತರತಮ ನೋಡಲು ಕೆಂಪು ಫಿಲ್ಮ್ ಒಳ್ಳೆಯ ಸಾಧನ. ಕೆಂಪು, ಕಿತ್ತಳೆಗಳಿಗೆ ಹಸಿರು ಫಿಲ್ಮ್ ಬೇಕು. ಎರಡೂ ಬಗೆಯ ಬಣ್ಣ ಒಂದೇ ಕ್ವಿಲ್ಟಿನಲ್ಲಿದ್ದರೆ ಎರಡೂ ಫಿಲ್ಮಿನಲ್ಲಿ ನೋಡಿ. ಎರಡರಲ್ಲೂ ಒಂದೇ ಬಟ್ಟೆ ತಿಳಿಯಾಗಿ ಕಂಡರೆ ಅದು ನಿಜಕ್ಕೂ ತಿಳಿ. ಒಂದರಲ್ಲಿ ತಿಳಿ, ಇನ್ನೊಂದರಲ್ಲಿ ಗಾಢ ಎಂದು ಬಂದರೆ ಫಿಲ್ಮ್ ಬದಿಗಿಟ್ಟು ಬೂದು ಪಟ್ಟಿಗೆ ಬನ್ನಿ.

ಇದರ ಜೊತೆಗೆ ಬೆಳಕೂ ಅದೇ ದಿಕ್ಕಿಗೆ ತಳ್ಳಿತ್ತು. ಬಟ್ಟೆ ಆರಿಸಿದ್ದು ರಾತ್ರಿ, ಸುಮಾರು 2700 ಕೆಲ್ವಿನ್‌ನ ಹಳದಿ ಬಲ್ಬಿನಡಿ. ಅಂಥ ಬೆಳಕಿನಲ್ಲಿ ಕೆಂಪು-ಕಿತ್ತಳೆ ಬೆಳಗುತ್ತವೆ, ಹಸಿರು-ನೀಲಿ ಮಂಕಾಗುತ್ತವೆ. ಮೂರನೆಯದು ಕಣ್ಣಿನ ಸ್ವಭಾವ: ಬಣ್ಣ ಕಡುವಾಗಿದ್ದಷ್ಟೂ ಅದೇ ಮಟ್ಟದ ಬೂದಿಗಿಂತ ಅದು ಹೆಚ್ಚು ಬೆಳಗಿದಂತೆ ಅನ್ನಿಸುತ್ತದೆ. ಇದಕ್ಕೆ ಹೆಲ್ಮ್‌ಹೋಲ್ಟ್ಸ್–ಕೋಲ್‌ರೌಶ್ ಪರಿಣಾಮ ಎಂದು ಹೆಸರು. ಟೊಮೆಟೊ ಕೆಂಪನ್ನು ತಿಳಿ ಬದಿಗೆ ಹಾಕಿಸಿದ್ದು ಇದೇ. ಹೊಳಪು ಬೇರೆ, ತಿಳಿ ಬೇರೆ; ಬಟ್ಟೆ ಆರಿಸುವಾಗ ಅತಿ ಹೆಚ್ಚು ಕಲಸಿಹೋಗುವ ಎರಡು ಗುಣಗಳಿವು.

ಹತ್ತಿರದಿಂದ ಅಷ್ಟು ಚೆನ್ನಾಗಿ ಕಂಡಿದ್ದೇಕೆ ಎಂಬುದಕ್ಕೂ ಉತ್ತರವಿದೆ. ಪ್ಯಾರಿಸ್ಸಿನ ಗೊಬೆಲಿನ್ಸ್ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣ ಹಾಕುವ ವಿಭಾಗದ ಮುಖ್ಯಸ್ಥರಾಗಿದ್ದ ರಸಾಯನವಿಜ್ಞಾನಿ ಶೆವ್ರೂಲ್, ಪಕ್ಕಪಕ್ಕದ ಬಣ್ಣಗಳು ಒಂದನ್ನೊಂದು ಬದಲಿಸುವ ಬಗೆಯನ್ನು 1839ರಲ್ಲಿ ವಿವರಿಸಿದರು. ಕೆಂಪು, ಹಸಿರುಗಳಂಥ ಎದುರು ಬಣ್ಣಗಳು ಪಕ್ಕದಲ್ಲಿದ್ದರೆ ಎರಡೂ ಇನ್ನಷ್ಟು ಕಡುವಾಗುತ್ತವೆ. ಎರಡೂ ಒಂದೇ ಮಟ್ಟದವಾಗಿದ್ದರೆ ಅಂಚು ಅದುರಿದಂತೆಯೂ ಕಾಣುತ್ತದೆ. ಕೈಯಳತೆಯಲ್ಲಿ ಅದು ಚೆಂದ. ದೂರ ಹೋದಂತೆ ಒಂದಿಂಚಿನ ಪಟ್ಟಿಗಳ ಬಣ್ಣ ಕಣ್ಣಿನಲ್ಲಿ ಬೆರೆಯತೊಡಗುತ್ತದೆ; ಆಗ ಆಕಾರವನ್ನು ಹಿಡಿದು ನಿಲ್ಲಿಸುವುದು ತಿಳಿ-ಗಾಢದ ಅಂತರವೊಂದೇ. ಕೆಂಪು-ಹಸಿರು ಬೇರ್ಪಡಿಸಲಾಗದ ಬಣ್ಣಗುರುಡು ಇರುವವರಿಗಂತೂ ಇಂಥ ಕ್ವಿಲ್ಟ್ ಹತ್ತಿರದಿಂದಲೂ ಹೆಚ್ಚುಕಡಿಮೆ ಒಂದೇ ಬಣ್ಣ.

ಮಲಗುವ ಕೋಣೆಯ ಮಬ್ಬಿನಲ್ಲಿ ಇನ್ನೊಂದು ತೊಡಕಿದೆ. ಬೆಳಕು ತೀರಾ ಕಡಿಮೆಯಾದಾಗ ಕೆಂಪು ಕಪ್ಪಿಗೆ ತಿರುಗುತ್ತದೆ, ಹಸಿರು-ನೀಲಿಗಳು ಅಷ್ಟು ಬೇಗ ಕಪ್ಪಾಗುವುದಿಲ್ಲ. ಇದು ಪರ್ಕಿನ್ಯೆ ಪರಿಣಾಮ. ಈ ಕ್ವಿಲ್ಟಿನಲ್ಲಿ ತಿಳಿ ಬದಿ ಎಂದುಕೊಂಡದ್ದೇ ಸಂಜೆಯ ಹೊತ್ತಿಗೆ ಗಾಢ ಬದಿಯಾಗುತ್ತಿತ್ತು.

ಪ್ರಿಂಟ್‌ಗಳ ಪಾತ್ರ

ಎರಡು ಪ್ರಿಂಟ್‌ಗಳು ಬೇರೆಯೇ ರೀತಿಯಲ್ಲಿ ಕೆಡಿಸಿದ್ದವು. ದೊಡ್ಡ ಹೂವಿನ ಕೆಂಪು ಪ್ರಿಂಟಿನಲ್ಲಿ ಹೂವಿನ ಅಗಲವೇ ಸುಮಾರು 6 ಇಂಚು, ನಡುವೆ ಬಿಳಿ ಜಾಗ. ಒಂದೂವರೆ ಇಂಚಿನ ಪಟ್ಟಿ ಕತ್ತರಿಸಿದಾಗ ಒಂದು ಪಟ್ಟಿ ಪೂರ್ತಿ ಕೆಂಪು, ಮುಂದಿನದು ಮುಕ್ಕಾಲು ಬಿಳಿ. ಅದಕ್ಕೆ ಕೊಟ್ಟ 6 ಎಂಬ ಅಂಕಿ ಇಡೀ ಬಟ್ಟೆಯ ಸರಾಸರಿ. ಒಂದೊಂದು ಪಟ್ಟಿಯ ಮಟ್ಟ 4ರಿಂದ 9ರವರೆಗೆ ಎಲ್ಲಿ ಬೇಕಾದರೂ ಇರಬಹುದು. ಬಿಳಿ ಎಲೆಗಳ ಹಸಿರು ಪ್ರಿಂಟಿನ ನೆಲ ಗಾಢ ಹಸಿರೇ. ಆದರೆ ಎಲೆಗಳು ಚಿಕ್ಕವು, ಒತ್ತೊತ್ತಾಗಿವೆ. ದೂರದಿಂದ ಬಿಳಿ, ಹಸಿರು ಬೆರೆತು ತಿಳಿ ಬಟ್ಟೆಯಾಗಿ ಕಾಣುತ್ತದೆ.

ಇದಕ್ಕೆ ರಟ್ಟಿನ ಕಿಂಡಿಯೇ ಮದ್ದು. ಬಿಳಿ ರಟ್ಟಿನಲ್ಲಿ ಪಟ್ಟಿ ಮುಗಿದಾಗ ಇರುವ ಅಳತೆಯದೇ ಕಿಂಡಿ ಕತ್ತರಿಸಿ: ಇಲ್ಲಿ 1 ಇಂಚು ಅಗಲ, 8 ಇಂಚು ಉದ್ದ. ಬಟ್ಟೆಯ ಮೇಲೆ ನಾಲ್ಕೈದು ಕಡೆ ಸರಿಸಿ ನೋಡಿ. ಕಿಂಡಿಯೊಳಗಿನ ಮಟ್ಟ ಎರಡು ಹೆಜ್ಜೆಗಿಂತ ಹೆಚ್ಚು ಜಿಗಿದರೆ ಆ ಬಟ್ಟೆ ಲಾಗ್ ಕ್ಯಾಬಿನ್‌ಗೆ ಬೇಡ. ಅಗಲ ತುಂಡುಗಳ ವಿನ್ಯಾಸಕ್ಕೆ ಎತ್ತಿಡಿ.

ಫೋಟೊ ತೆಗೆಯುವುದಾದರೆ

ಫೋನಿನ ಕಪ್ಪು-ಬಿಳುಪು ಚಿತ್ರ ಬೂದು ಪಟ್ಟಿಯಷ್ಟೇ ನಂಬಿಕೆಗೆ ಅರ್ಹ, ಸರಿಯಾಗಿ ತೆಗೆದರೆ. ಬಟ್ಟೆಗಳನ್ನು ಒಂದೊಂದಾಗಿ ತೆಗೆಯಬೇಡಿ. ಕ್ಯಾಮೆರಾ ತನ್ನಷ್ಟಕ್ಕೆ ಬೆಳಕು ಸರಿಹೊಂದಿಸಿ ಎದುರಿಗಿರುವುದನ್ನೆಲ್ಲ ನಡು ಬೂದಿಗೆ ಎಳೆಯುತ್ತದೆ. ಬೇರೆಬೇರೆ ತೆಗೆದರೆ ಕ್ರೀಂ ಬಣ್ಣವೂ ಮರೂನೂ ಒಂದೇ ಬೂದಾಗಿ ಬರುತ್ತವೆ. ಎಲ್ಲ ಬಟ್ಟೆಗಳನ್ನೂ ಎರಡು ಬೆರಳಗಲ ಕಾಣುವಂತೆ ಒಂದರ ಮೇಲೊಂದು ಜಾರಿಸಿ, ಬೂದು ಪಟ್ಟಿಯನ್ನೂ ಪಕ್ಕಕ್ಕಿಟ್ಟು, ಒಂದೇ ಚಿತ್ರ ತೆಗೆಯಿರಿ. ಕಿಟಕಿಯ ಹತ್ತಿರ, ಆದರೆ ನೇರ ಬಿಸಿಲು ಬೀಳದ ಕಡೆ. ಫ್ಲ್ಯಾಶ್ ಬೇಡ.

ಬಣ್ಣ ತೆಗೆಯುವ ಆಪ್‌ಗಳೆಲ್ಲ ಒಂದೇ ಲೆಕ್ಕ ಮಾಡುವುದಿಲ್ಲ. ಕಣ್ಣಿಗೆ ಹತ್ತಿರವಾದ ಲೆಕ್ಕ ಹಸಿರಿಗೆ ಹೆಚ್ಚು, ಕೆಂಪಿಗೆ ಅದಕ್ಕಿಂತ ಕಡಿಮೆ, ನೀಲಿಗೆ ತೀರಾ ಕಡಿಮೆ ತೂಕ ಕೊಡುತ್ತದೆ. ಬಳಕೆಯಲ್ಲಿರುವ ಒಂದು ಸೂತ್ರದಲ್ಲಿ ಈ ತೂಕ ಶೇ. 59, 30, 11. ಕೆಲವು ಆಪ್‌ಗಳು ಮೂರರಲ್ಲಿ ಅತಿ ಹೆಚ್ಚು ಮತ್ತು ಅತಿ ಕಡಿಮೆಯ ನಡುಬಿಂದುವನ್ನಷ್ಟೇ ಹಿಡಿಯುತ್ತವೆ. ಆಗ ಕಡು ಹಳದಿಯೂ ಕಡು ನೀಲಿಯೂ ಒಂದೇ ಬೂದಾಗುತ್ತವೆ. ಈ ಎರಡು ಬಣ್ಣದ ತುಂಡುಗಳನ್ನು ಒಟ್ಟಿಗಿಟ್ಟು ಆಪನ್ನು ಮೊದಲೇ ಪರೀಕ್ಷಿಸಿ. ನಾಟಕೀಯ ಕಪ್ಪು-ಬಿಳುಪು ಫಿಲ್ಟರ್‌ಗಳು ಅಂತರವನ್ನು ಹಿಗ್ಗಿಸಿ ತೋರಿಸುತ್ತವೆ, ಅವೂ ಬೇಡ.

ಹೊಲಿದ 16 ಬ್ಲಾಕ್‌ಗಳನ್ನು ಏನು ಮಾಡುವುದು

ಎಲ್ಲ ಬಿಚ್ಚುವುದೆಂದರೆ 256 ಹೊಲಿಗೆ. ಹೊರಸುತ್ತನ್ನು ಮಾತ್ರ ಬಿಚ್ಚಿ ಬೇರೆ ಬಟ್ಟೆ ಹಾಕಿದರೆ 64 ಹೊಲಿಗೆಯಲ್ಲಿ ಮುಗಿಯುತ್ತದೆ. ಈ ಎರಡನೆಯ ದಾರಿ ಆಕರ್ಷಕವಾಗಿ ಕಂಡರೂ ಸರಿಹೋಗುವುದು ಬ್ಲಾಕಿನ 8 ಮೆಟ್ಟಿಲುಗಳಲ್ಲಿ 2 ಮಾತ್ರ. ಹಾಗಾಗಿ ಬಿಚ್ಚುವ ಮಾತನ್ನೇ ಬಿಟ್ಟು, ಅಂತರ ಕಡಿಮೆಯಿದ್ದರೂ ನಡೆಯುವ ಜಾಗ ಎಲ್ಲಿದೆ ಎಂದು ಹುಡುಕಲಾಯಿತು.

6 × 6ರ ಜೋಡಣೆಯ ಒಂದು ಕಾಲುಭಾಗದಲ್ಲಿ 9 ಬ್ಲಾಕ್. ಕ್ವಿಲ್ಟಿನ ನಡುವಿನಿಂದ ಕರ್ಣದ ಸಾಲುಗಳಲ್ಲಿ ಎಣಿಸಿದರೆ 1, 2, 3, 2, 1. ಇಡೀ ಕ್ವಿಲ್ಟಿಗೆ ಅವು 4, 8, 12, 8, 4. ಮೊದಲ ಮೂರು ಸಾಲುಗಳು ಪೂರ್ಣ ವಜ್ರಗಳು, ಒಟ್ಟು 24 ಬ್ಲಾಕ್. ಕೊನೆಯ ಎರಡು ಸಾಲುಗಳು ಮೂಲೆಗಳಲ್ಲಿ ತುಂಡಾದ ಗೆರೆಗಳು, ಒಟ್ಟು 12. ನಿರ್ಧಾರ ಇದು: ಮೂರು ವಜ್ರಗಳಿಗೆ 24 ಹೊಸ ಬ್ಲಾಕ್, ಮೂಲೆಗಳಿಗೆ ಹಳೆಯ 12, ಹಳೆಯದರಲ್ಲಿ 4 ಮಿಕ್ಕುತ್ತವೆ. ಉಳಿದ 20ರ ಬದಲು 24 ಹೊಲಿಯಬೇಕು, ಅಂದರೆ ಕೇವಲ ನಾಲ್ಕು ಬ್ಲಾಕಿನ ಹೆಚ್ಚಿನ ಕೆಲಸ.

ಆದರೆ ಗಟ್ಟಿ ಅಂತರದ ಪಕ್ಕಕ್ಕೇ ಅಂತರವಿಲ್ಲದ ಬ್ಲಾಕ್ ಬಂದರೆ ಅದು ಎಡವಿದ ಹಾಗೆ ಕಾಣುತ್ತದೆ. ಇಳಿತ ಮೆಲ್ಲಗೆ ಆಗಬೇಕು. ಆದ್ದರಿಂದ ಒಳಗಿನ ಎರಡು ವಜ್ರಗಳ 12 ಬ್ಲಾಕಿಗೆ ಪೂರ್ತಿ ಅಂತರ, ಮೂರನೆಯ ವಜ್ರದ 12 ಬ್ಲಾಕಿಗೆ ನಡು ಅಂತರ, ಆಮೇಲೆ ಮೂಲೆ.

ಬಟ್ಟೆಗಳ ಮರುಹಂಚಿಕೆಯಲ್ಲಿ ದೊಡ್ಡ ಬದಲಾವಣೆ ಎಂದರೆ ಕೆಂಪುಗಳು ಗಾಢ ಬದಿಗೆ ದಾಟಿದ್ದು. ಕಡುಗೆಂಪು, ಇಟ್ಟಿಗೆ ಕೆಂಪು, ತುಕ್ಕಿನ ಬಣ್ಣ ಮೂರೂ ಮಟ್ಟ 4; ಅವುಗಳ ಜಾಗ ನವಿಲುಹಸಿರಿನ ಪಕ್ಕದಲ್ಲೇ. ಒಂದು ಬದಿ ಒಂದೇ ಬಣ್ಣದ ಬಳಗವಾಗಿರಬೇಕು ಎಂಬ ನಿಯಮವೇನೂ ಇಲ್ಲ. ಮಟ್ಟ ಒಂದಾಗಿದ್ದರೆ ಕೆಂಪು-ಹಸಿರು ಬೆರೆತ ಗಾಢ ಬದಿ ಬರೀ ಹಸಿರಿಗಿಂತ ಎಷ್ಟೋ ಶ್ರೀಮಂತ.

ಒಳ ವಜ್ರಗಳಿಗೆ ತಿಳಿ ಬದಿ: ಕ್ರೀಂ 9, ಪೀಚ್ 8, ತಿಳಿ ಗುಲಾಬಿ 8, ತಿಳಿ ಹಳದಿ 8. ಗಾಢ ಬದಿ: ಕಪ್ಪಿಗೆ ಹತ್ತಿರದ ಹಸಿರು 2, ಬಾಟಲಿ ಹಸಿರು 3, ಮರೂನ್ 3, ಕಡುಗೆಂಪು 4. ಮೂರನೆಯ ವಜ್ರಕ್ಕೆ ತಿಳಿ ಬದಿ: ಏಪ್ರಿಕಾಟ್ 7, ಗುಲಾಬಿ ಚೌಕಳಿ 7, ಕಿತ್ತಳೆ 6, ಹವಳ 6. ಗಾಢ ಬದಿ: ನವಿಲುಹಸಿರು, ಎಲೆಹಸಿರು, ಇಟ್ಟಿಗೆ ಕೆಂಪು, ತುಕ್ಕಿನ ಬಣ್ಣ, ನಾಲ್ಕೂ 4. ತಿಳಿಯ ಸರಾಸರಿ ಸುಮಾರು 7.4, ಗಾಢದ್ದು 3.5. ಅತಿ ಹತ್ತಿರದ ಜೋಡಿ 6 ಮತ್ತು 4. ಹಳೆಯ 16 ಬಟ್ಟೆಗಳಲ್ಲಿ 8 ಉಳಿದವು, 8 ಹೊಸದಾಗಿ ಬಂದವು. ಗಿಳಿಹಸಿರಿನ ಮಟ್ಟ 6 ಆಗಿದ್ದರಿಂದ ತಿಳಿ ಬದಿಗೆ ಸೇರಿಸಬಹುದಿತ್ತು. ಆದರೆ ಕಿತ್ತಳೆಯಷ್ಟು ಕಡುವಾದ ಇನ್ನೊಂದು ಬಣ್ಣವಿದ್ದರೆ ಕಣ್ಣು ವಜ್ರ ಬಿಟ್ಟು ಅದನ್ನೇ ಹುಡುಕುತ್ತದೆ ಎಂದು ಕೈಬಿಡಲಾಯಿತು. ಕಿತ್ತಳೆಯನ್ನೂ ಮೊದಲ ಸುತ್ತಿಗೆ ಮಾತ್ರ ಇಟ್ಟದ್ದು ಇದೇ ಕಾರಣಕ್ಕೆ.

ಸುತ್ತಿಗೊಂದು ತಿಳಿ, ಒಂದು ಗಾಢ ಬಟ್ಟೆ ಎಂಬ ಕ್ರಮದಲ್ಲಿ 12 ಬ್ಲಾಕಿಗೆ ಅತಿ ಹೆಚ್ಚು ಬಟ್ಟೆ ತಗಲುವುದು ನಾಲ್ಕನೆಯ ಸುತ್ತಿಗೆ: ತಿಳಿ 216 ಇಂಚು, ಗಾಢ 240 ಇಂಚು ಉದ್ದದ ಪಟ್ಟಿ. ಬಳಸಲು ಸಿಗುವ ಅಗಲ 40 ಇಂಚು ಎಂದಿಟ್ಟುಕೊಂಡರೆ ತಿಳಿಗೆ 6 ಪಟ್ಟಿ, ಗಾಢಕ್ಕೆ ಒಂದು ಹೆಚ್ಚುವರಿ ಸೇರಿ 7 ಪಟ್ಟಿ. 7 ಪಟ್ಟಿಗೆ ಹತ್ತೂವರೆ ಇಂಚು ಬಟ್ಟೆ ಬೇಕು, 25 ಸೆಂ.ಮೀ. ಸಾಲದು, 30 ತೆಗೆದುಕೊಳ್ಳಿ. ಮೊದಲ ಸುತ್ತಿನ ತಿಳಿಗೆ ಎರಡು ಪಟ್ಟಿಯೇ ಸಾಕು, ಕೈಯಲ್ಲಿರುವ ಚೂರುಗಳಲ್ಲೇ ಆಗುತ್ತದೆ.

ಹೊಲಿಯುವಾಗ ಮಟ್ಟ ಕೆಡಿಸುವ ಮೂರು ಸಂಗತಿ

ಕಡುಗೆಂಪು, ಮರೂನ್‌ಗಳು ನೀರಿಗೆ ಬಣ್ಣ ಬಿಟ್ಟರೆ ಪಕ್ಕದ ಕ್ರೀಂ ಗುಲಾಬಿಯಾಗಿ ಒಂದೆರಡು ಹೆಜ್ಜೆ ಇಳಿಯುತ್ತದೆ. ಕತ್ತರಿಸುವ ಮುಂಚೆ ಒದ್ದೆ ಬಿಳಿ ಬಟ್ಟೆಯ ಮೇಲಿಟ್ಟು ಬಿಸಿ ಇಸ್ತ್ರಿ ಒತ್ತಿ ನೋಡಿ. ಬಿಳಿಗೆ ಬಣ್ಣ ಹತ್ತಿದರೆ, ಹತ್ತದಿರುವವರೆಗೆ ಒಗೆಯಿರಿ. ಒಗೆದಷ್ಟೂ ಬಿಡುತ್ತಲೇ ಇದ್ದರೆ ಆ ಬಟ್ಟೆ ಬದಲಿಸಿ.

ಲಾಗ್ ಕ್ಯಾಬಿನ್‌ನಲ್ಲಿ ಇಸ್ತ್ರಿ ಯಾವಾಗಲೂ ಹೊರಮುಖವಾಗಿ, ಹೊಸ ಪಟ್ಟಿಯ ಕಡೆಗೆ. ಹಾಗಾಗಿ ಹೊಸ ಸುತ್ತಿನ ತಿಳಿ ಪಟ್ಟಿಯ ತುದಿ ಹಿಂದಿನ ಸುತ್ತಿನ ಗಾಢ ಪಟ್ಟಿಯನ್ನು ದಾಟುವಲ್ಲಿ, ಹೊಲಿಗೆಗೆ ಬಿಟ್ಟ ಗಾಢ ಅಂಚು ತಿಳಿ ಬಟ್ಟೆಯ ಕೆಳಗೆ ಬಂದು ಕೂರುತ್ತದೆ. ಕ್ರೀಂ ತೆಳುವಾಗಿದ್ದರೆ ನೆರಳಾಗಿ ಕಾಣುತ್ತದೆ. ದಟ್ಟ ನೇಯ್ಗೆಯ ತಿಳಿ ಬಟ್ಟೆ ಆರಿಸಿ. ಅದು ಸಿಗದಿದ್ದರೆ ಕೆಳಗಿನ ಗಾಢ ಅಂಚನ್ನು ತಿಳಿ ಅಂಚಿಗಿಂತ 1–2 ಮಿ.ಮೀ. ಕಿರಿದಾಗಿ ಕತ್ತರಿಸಿ.

ಮೂರನೆಯದು ಅಳತೆ. ಹೊಲಿಗೆ ಕಾಲಿಂಚಿಗಿಂತ 1 ಮಿ.ಮೀ. ಒಳಗೆ ಸರಿದರೆ ಎರಡೂ ಬಟ್ಟೆ ಸೇರಿ 2 ಮಿ.ಮೀ. ಹೋಗುತ್ತದೆ, ಬ್ಲಾಕಿನ ಅಡ್ಡಕ್ಕೆ 8 ಹೊಲಿಗೆಯಿರುವುದರಿಂದ ಒಟ್ಟು 16 ಮಿ.ಮೀ. ಹಳೆಯ ಮತ್ತು ಹೊಸ ಬ್ಲಾಕ್ ಒಂದಕ್ಕೊಂದು ಕೂಡಬೇಕಾದ ಇಲ್ಲಿ ಇದು ದೊಡ್ಡ ವಿಷಯ. ಪ್ರತಿ ಸುತ್ತಿನ ನಂತರ ಅಳೆಯಿರಿ: 4.5, 6.5, 8.5, 10.5 ಇಂಚು. ಗಾಢ ಪಟ್ಟಿ ಒಂದಿಷ್ಟು ಅಗಲವಾಗಿ, ತಿಳಿ ಕಿರಿದಾಗಿ ಉಳಿದರೂ ಇಡೀ ಕ್ವಿಲ್ಟ್ ಮಂಕಾಗುತ್ತದೆ.

ಮುಗಿದ ಮೇಲೆ

36 ಬ್ಲಾಕ್ ಗೋಡೆಯ ಮೇಲೆ ಜೋಡಿಸಿ ತೆಗೆದ ಕಪ್ಪು-ಬಿಳುಪು ಚಿತ್ರದಲ್ಲಿ ಒಳಗಿನ ಎರಡು ವಜ್ರಗಳು ಕತ್ತರಿಸಿಟ್ಟಂತೆ ಸ್ಪಷ್ಟ, ಮೂರನೆಯದು ಮೆತ್ತಗೆ, ಮೂಲೆಗಳು ಒಂದೇ ಬೂದು. ಬಣ್ಣದಲ್ಲಿ ನೋಡಿದರೆ ಮೂಲೆಗಳಲ್ಲಿ ಕೆಂಪು-ಹಸಿರಿನ ಮಿಂಚು ಹಾಗೇ ಉಳಿದಿದೆ. ಅಂಚುಪಟ್ಟಿಗೆ ಮಟ್ಟ 3ರ ಬಾಟಲಿ ಹಸಿರು. ಮೂಲೆಗಳು ಮಸುಕಾಗಿರುವುದರಿಂದ ಹೊರಗಡೆ ಗಾಢ ಗೆರೆಯೊಂದು ಬೇಕೇ ಬೇಕಿತ್ತು. ಎರಡೂವರೆ ಇಂಚಿನ 7 ಪಟ್ಟಿ, ಅಂದರೆ 45 ಸೆಂ.ಮೀ. ಬಟ್ಟೆ.

ತುಂಡು ಜೋಡಿಸಲು ನಡು ಬೂದಿನ ದಾರ ಎರಡೂ ಬದಿಗೆ ಹೊಂದುತ್ತದೆ. ಪದರಗಳನ್ನು ಹಿಡಿದು ಹೊಲಿಯುವ ಮೇಲಿನ ಕ್ವಿಲ್ಟಿಂಗ್ ಹೊಲಿಗೆಗೆ ಹಾಗಲ್ಲ: ಗಾಢ ಬದಿಯ ಮೇಲೆ ಕ್ರೀಂ ದಾರ ಒತ್ತಾಗಿ ಓಡಿದರೆ ಆ ಬದಿಯ ಮಟ್ಟವೇ ಏರಿಬಿಡುತ್ತದೆ. ಇಲ್ಲಿ ತಿಳಿ ಬದಿಗೆ ಪೀಚ್, ಗಾಢ ಬದಿಗೆ ಕಡು ಹಸಿರು ದಾರ ಬಳಸಲಾಯಿತು. ಯಾವ ದಾರ, ಎಷ್ಟು ಒತ್ತಾಗಿ ಎಂಬುದನ್ನು ಮಿಕ್ಕ ನಾಲ್ಕು ಬ್ಲಾಕ್‌ಗಳಲ್ಲೊಂದರ ಮೇಲೆ, ಅದರ ಕೆಳಗೆ ಹತ್ತಿಯ ಪದರ ಇಟ್ಟು, ಹೊಲಿದು ನೋಡಿಯೇ ತೀರ್ಮಾನಿಸಲಾಯಿತು. ಆ ಬ್ಲಾಕನ್ನೇ ಒಗೆದು ಕುಗ್ಗುವಿಕೆಯನ್ನೂ ಅಳೆಯಲಾಯಿತು. ಉಳಿದ ಮೂರು ಕ್ವಿಲ್ಟಿನ ಹಿಂಬದಿಯ ಬಟ್ಟೆಯಲ್ಲಿ ಒಂದು ಸಾಲಾಗಿ ಸೇರಿವೆ.